ಮೊದಲು ಬಿದ್ದವರ ಹೆಸರು

ನಮ್ಮ ಗುಡ್ಡದಲ್ಲಿ ಒಂದು ಕಟ್ಟಳೆ:
ಮೊದಲು ಬಿದ್ದವರದೇ ತಿರುವು.
ಗೆದ್ದವರ ಹೆಸರನ್ನು ಇಲ್ಲಿ ಯಾರೂ ಬರೆದಿಡುವುದಿಲ್ಲ.
ವೇಲ್ಸಿನ ಯಾವ ನಕ್ಷೆ ಬಿಡಿಸಿದರೂ ಇವು ಸಿಗುವುದಿಲ್ಲ,
ಸೈಕಲ್ಲೇರಿ ಇಳಿದರೆ ಮಾತ್ರ.

ಕುರಿಗಳ ಗೇಟು ದಾಟಿದ ಕೂಡಲೇ
ಗ್ವಿಲಿಮನ ಗಡ್ಡ.
ಓಕ್ ಮರದ ಬೇರಿಗೆ ಮುಂದಿನ ಗಾಲಿ ಸಿಕ್ಕಿ
ಮುಳ್ಳುಪೊದೆಯಲ್ಲಿ ಮುಖವಿಟ್ಟು ಮಲಗಿದ್ದ,
ಗಡ್ಡದ ತುಂಬ ಹಳದಿ ಹೂ.
ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ಇವತ್ತಿಗೂ ವಾದ.
ಸರಿ ಮಾರಾಯ, ಮಣ್ಣಾಗಲಿಲ್ಲ,
ಹೂವಾಯಿತು.

ಆಮೇಲೆ ಸ್ಲೇಟುಕಲ್ಲಿನ ಇಳುಕಲು.
ಹಳೇ ಗಣಿಯವರು ಬೇಡವೆಂದು ಸುರಿದ ಚೂರು
ಟೈರಿನಡಿ ಅಡುಗೆಮನೆಯ ತಟ್ಟೆಗಳ ಹಾಗೆ ಸದ್ದು ಮಾಡುತ್ತದೆ.
ಅದು ಇವೋರನ ಹಲ್ಲು.
ಆರು ಜನ ಮಂಡಿಯೂರಿ ಹುಡುಕಿದೆವು,
ಹಲ್ಲು ಸಿಗಲಿಲ್ಲ;
ಸಿಕ್ಕಿದ್ದು ಯಾವ ಕಾಲದ್ದೋ ಒಂದು ಕೋಟಿನ ಗುಂಡಿ,
ಒಂದು ಚಮಚ.

ಜೌಗಿನ ಮೇಲಿನ ಹಲಗೆಸೇತುವೆ: ಪಾದ್ರಿಯ ಮಾತು.
ಬಾಡಿಗೆ ಸೈಕಲ್ಲಿನಲ್ಲಿ ಒಮ್ಮೆ ಬಂದಿದ್ದರು.
ಬೀಳುವಾಗ ಅವರ ಬಾಯಿಂದ ಬಂದದ್ದು
ಬೈಬಲ್ಲಿನಲ್ಲಿ ಎಲ್ಲೂ ಇಲ್ಲ.

ಆಮೇಲೆ ಟೆಗ್ವೆನ್‌ಳ ಮೊಣಕಾಲು.
ಅದರ ಬಗ್ಗೆ ನಾವು ತಮಾಷೆ ಮಾಡುವುದಿಲ್ಲ.

ಅವಳೀಗ ಕೆಳಗೆ, ಲಿನ್ ದಂಡೆಯಲ್ಲಿ
(ಕೆರೆಗೆ ನಾವು ಲಿನ್ ಅನ್ನುತ್ತೇವೆ)
ಮಗುಚಿಟ್ಟ ದೋಣಿಗಳ ಪಕ್ಕ ಮಡಚುವ ಕುರ್ಚಿ ಹಾಕಿ
ಬೆನ್ನು ಗುಡ್ಡಕ್ಕೆ, ಮುಖ ನೀರಿಗೆ,
ತೊಡೆಯ ಮೇಲೆ ಥರ್ಮಾಸು.
ತಿರುಗಿ ನೋಡುವುದಿಲ್ಲ, ಕೇಳುತ್ತಾಳೆ.
ತಟ್ಟೆ ಸದ್ದಾಯಿತು, ಅದು ಇವೋರ.
ಬ್ರೇಕು ಕಿರುಚಿತು, ಗ್ವಿಲಿಮ್; ಪ್ಯಾಡು ಬದಲಿಸೋ ಅಂದರೆ ಕೇಳನು.
ಹಲಗೆ ದಡಬಡ.
ಆಮೇಲೆ ಜರೀಗಿಡಗಳ ನಡುವೆ ಸ್ವಲ್ಪ ಹೊತ್ತು
ಏನೂ ಕೇಳಿಸುವುದಿಲ್ಲ.
ಚಹಾ ಬಗ್ಗಿಸುವ ಕೈ ಅಲ್ಲಿಗೇ ನಿಲ್ಲುತ್ತದೆ.
ಗಾಲಿ ಮತ್ತೆ ಜಲ್ಲಿಗೆ ತಾಗಿದ ಮೇಲೇ
ಬಟ್ಟಲು ತುಂಬುವುದು.

ನಾನು ಎಲಿನೆಡ್, ಅಂಚೆಯವಳು, ಐವತ್ತೆಂಟು ತುಂಬಿತು.
ಏಳು ವರ್ಷ ಇಳಿದೆ, ಒಮ್ಮೆಯೂ ಬೀಳಲಿಲ್ಲ.
ಕಣಿವೆಯ ಪ್ರತಿ ಬಾಗಿಲಿನ ಹೆಸರು ಬಲ್ಲೆ,
ನನ್ನ ಹೆಸರಿಗೊಂದು ತಿರುವಿಲ್ಲ.
ಹುಷಾರಿ ಹೆಂಗಸು, ಎನ್ನುತ್ತಿದ್ದರು;
ಹೊಗಳಿಕೆಯಲ್ಲ ಅದು.
ನಿಜ ಹೇಳಲೆ? ಒಂದೆರಡು ಸಲ ಬೇಕೆಂದೇ ಬ್ರೇಕು ಬಿಟ್ಟೆ.
ಗುಡ್ಡ ನನ್ನನ್ನು ಎತ್ತಿಕೊಂಡು ದಾಟಿಸಿತು,
ಹಾಳಾದ್ದು.

ಮೊನ್ನೆ ಭಾನುವಾರ ಮಳೆ ನಿಂತು
ಕುರಿಗಳ ಬೆನ್ನಿಂದ ಹಬೆಯೇಳುತ್ತಿತ್ತು.
ಗಡ್ಡ ದಾಟಿದೆ, ಹಲ್ಲು ದಾಟಿದೆ, ಪಾದ್ರಿಯ ಮಾತು ದಾಟಿದೆ,
ಮೊಣಕಾಲಿನ ಬಳಿ ಉಸಿರು ಹಿಡಿದೆ,
ಬಿಟ್ಟೆ.
ಕೆಳಗೆ ಸಪಾಟು ನೆಲದಲ್ಲಿ, ಕುರ್ಚಿಯ ಮುಂದೆ ಬಂದು ನಿಂತು
ಬಟ್ಟಲಿಗೆ ಕೈ ಚಾಚಿದೆ.
ಪೆಡಲಿಗೆ ಕಚ್ಚಿಕೊಂಡ ಬೂಟನ್ನು ಬಿಡಿಸಿಕೊಳ್ಳಲು
ಮರೆತಿದ್ದೆ.

ಕಡಿದ ಮರ ತುಸು ಯೋಚಿಸಿ ಬೀಳುವ ಹಾಗೆ
ನಿಂತಲ್ಲಿಂದಲೇ, ಎಡಕ್ಕೆ, ನಿಧಾನ,
ಸೈಕಲ್ಲಿನ ಸಮೇತ.

ಟೆಗ್ವೆನ್ ನಕ್ಕಳು.
ನಗುವನ್ನೇ ಮರೆತವಳೇನಲ್ಲ ಅವಳು, ದಿನಾ ನಗುತ್ತಾಳೆ,
ಆದರೆ ಈ ನಗೆಗೆ ಬಾತುಗಳು ದಂಡೆ ಬಿಟ್ಟು ನಡುನೀರಿಗೆ ಹೋದವು.
ನಗುತ್ತ ನಗುತ್ತ ಮೊಣಕಾಲಿಗೇ ಹೊಡೆದುಕೊಂಡಳು,
ಆ ಮೊಣಕಾಲಿಗೇ,
ಅಯ್ಯೋ ಎಂದು ಅತ್ತಳು, ಮತ್ತೆ ನಕ್ಕಳು.

ಈಗ ಅಲ್ಲೊಂದು ಸ್ಲೇಟಿನ ಫಲಕ,
ಇವೋರ ಮೊಳೆಯಿಂದ ಗೀರಿ ನೆಟ್ಟದ್ದು.
ಅಂಚೆಯವಳ ಹೆಸರಲ್ಲೇ ಒಂದಕ್ಷರ ತಪ್ಪು.
ಇರಲಿ, ತಲುಪುತ್ತದೆ.
ಕುರಿಗಳು ಅದಕ್ಕೆ ಬೆನ್ನುಜ್ಜುತ್ತವೆ.
ಅಲ್ಲಿ ಇಳಿಜಾರಿಲ್ಲ, ಬೇರಿಲ್ಲ, ತಿರುವು ಕೂಡ ಇಲ್ಲ;
ಆದರೂ ಪರವೂರಿನವರು ಫಲಕ ಕಂಡು ಬ್ರೇಕು ಹಿಡಿಯುತ್ತಾರೆ,
ಅಂಥದ್ದೇನಿದೆ ಇಲ್ಲಿ ಎಂದು
ನೆಲ ನೋಡುತ್ತಾರೆ, ನೀರು ನೋಡುತ್ತಾರೆ.

ನಾವು ಹೇಳುವುದಿಲ್ಲ.
ಚಹಾ ಬೇಕೇ ಎಂದು ಕೇಳುತ್ತೇವೆ.