ಪಾಲು

ಕಡಲ ಗಾಳಿಗೆ ಮೊದಲು ಸಾಯುವುದು ಪಿನ್ನು.
ಆಮೇಲೆ ಬೀರುವಿನ ಬಿಜಾಗರಿ, ಆಮೇಲೆ ಮೊಳೆ.
ಕಾಗದ ತಡವಾಗಿ ಸಾಯುತ್ತದೆ,
ಹಾಗಾಗಿ ಇನ್ನೂ ಇದ್ದೇವೆ
ಕಾರವಾರದ ಈ ಲೈಬ್ರರಿಯಲ್ಲಿ
ನಾನು, ಹದಿನೆಂಟು ಸಾವಿರ ಪುಸ್ತಕ,
ಮತ್ತೆ ಮೂರು ಪ್ರತಿಯ ರಸೀದಿ ಬುಕ್ಕು:
ಬಿಳಿ ಕೊಟ್ಟವರಿಗೆ, ಗುಲಾಬಿ ಲೆಕ್ಕಕ್ಕೆ,
ಹಳದಿ ಯಾಕೆಂದು ಯಾರೂ ಕೇಳಿಲ್ಲ.

ದೊಡ್ಡ ದುಡ್ಡು ಪತ್ರದ ಜೊತೆ ಬರುತ್ತದೆ.
ಮುಂಬೈಯ ಹಡಗು ಕಂಪನಿಯ ಧರ್ಮದತ್ತಿ
ಒಂಬತ್ತು ಲಕ್ಷ ಕೊಟ್ಟಿತು, ಹನ್ನೊಂದು ಷರತ್ತೂ ಕೊಟ್ಟಿತು.
ಸ್ಕ್ಯಾನರ್ ಕೊಳ್ಳಬಹುದು, ಕರೆಂಟು ಬಿಲ್ಲು ಕಟ್ಟುವಂತಿಲ್ಲ.
ಶನಿವಾರದ ಮಕ್ಕಳ ಓದಿಗೆ ಚಾಪೆ ತರಬಹುದು,
ಆ ಮಕ್ಕಳ ನೆತ್ತಿಗೆ ಸರಿಯಾಗಿ ಸೋರುವ ಹೆಂಚು ಮಾತ್ರ
'ಯೋಜನೆಯ ವ್ಯಾಪ್ತಿಯಲ್ಲಿ ಬರುವುದಿಲ್ಲ'.
ಕಲ್ಲಿನ ಫಲಕ ಎರಡೂವರೆ ಅಡಿ ಇರತಕ್ಕದ್ದು.
ಇದೆ. ಬಾಗಿಲ ಬಲಕ್ಕೆ. ಛತ್ರಿ ಒರಗಿಸಲು ಅನುಕೂಲ.

ದೂರುತ್ತಿಲ್ಲ. ಆ ಯಂತ್ರ ಬಂದ ಮೇಲೇ
ದೋಣಿ ಮನೆಗಳ ಹಳೇ ವಹಿಗಳು
ಮೋಡಿ ಅಕ್ಷರದ ಗಂಟು ಬಿಚ್ಚಿ ಬೆಳಕಿಗೆ ಬಿದ್ದವು,
ಯಾವ ವರ್ಷ ಬಂಗಡೆ ಕೈಕೊಟ್ಟಿತು,
ಯಾರ ಹಗ್ಗ ಯಾರ ಮನೆಯಲ್ಲೇ ಉಳಿಯಿತು.
ನೌಕಾನೆಲೆಗೆ ಊರು ಬಿಟ್ಟ ಕೈತಾನ್ ಲೋಪಿಸ್
ಪರಿಹಾರದ ಹಣದಲ್ಲಿ ಐದು ಸಾವಿರ ಮುರಿದು ಕೊಟ್ಟು ಕೇಳಿದ್ದು ಒಂದೇ:
"ನಮ್ಮೂರ ಬಾವಿಗಳ ಹೆಸರು ಎಲ್ಲಾದರೂ ಬರೆದಿಡಿ."
ಏಳು ಬಾವಿ. ಒಂದರ ಹೆಸರು ಅವನಿಗೇ ಮರೆತಿತ್ತು.
ಜಾಗ ಖಾಲಿ ಬಿಟ್ಟಿದ್ದೇವೆ.

ಇನ್ನು ಗುರುವಾರ.
ಮೀನು ಮಾರ್ಕೆಟ್ಟು ಮುಗಿಸಿ ಮಾಣಕಿ ಹರಿಕಂತ್ರ ಬರುತ್ತಾಳೆ,
ಬುಟ್ಟಿ ಹೊರಗಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು,
ಸೊಂಟದ ಚೀಲದಿಂದ ಇಪ್ಪತ್ತು ರೂಪಾಯಿ.
ನೋಟಿಗೆ ಸಿಗಡಿಯ ವಾಸನೆ.
ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ಎರಡು ವರ್ಷ ಕೂತವಳು,
'ಳ' ಬರೆಯುವಾಗ ಇನ್ನೂ ನಾಲಗೆ ಹೊರಗೆ.

ಒಂದು ಗುರುವಾರ ರಸೀದಿ ಮಡಚಲಿಲ್ಲ, ಓದಿದಳು.
ಬೆರಳು ಒಂದು ಅಕ್ಷರದ ಮೇಲೆ ನಿಂತು,
ಹಿಂದೆ ಹೋಗಿ, ಮತ್ತೆ ನಿಂತು,
"ಎಂತ ಬರ್ದೀರಿ ಇದು? ದಾನ?
ದಾನ ಮಾಡೂಕೆ ನಾ ಎಂತ ಸಾವ್ಕಾರ್ತಿಯೇ?
ಹೊಡ್ದು ಹಾಕಿ. ಪಾಲು ಅಂತ ಬರೀರಿ."

ರಂಪಣಿ ಎಳೆಯುವುದನ್ನು ನಾನೂ ನೋಡಿದ್ದೇನೆ.
ದಂಡೆಯಲ್ಲಿ ಎರಡು ಸಾಲು, ಎಣಿಸಲಾಗದ ಕೈ, ಉದ್ದಕ್ಕೂ ಹಗ್ಗ.
ಬಲೆಗೊಂದು ಪಾಲು, ದೋಣಿಗೊಂದು ಪಾಲು,
ಹಗ್ಗಕ್ಕೆ ಬರೀ ಕೈ ತಾಗಿಸಿದ ಹುಡುಗನಿಗೂ ಬೊಗಸೆ ತಾರ್ಲೆ.
ಯಾರೂ ಯಾರಿಗೂ ವಂದನಾರ್ಪಣೆ ಮಾಡುವುದಿಲ್ಲ.
ಮೀನೇ ಬಾರದ ದಿನವೂ
ಎಳೆದದ್ದು ಎಳೆದದ್ದೇ.

ದಾನ ಹೊಡೆದೆ. ಪಾಲು ಬರೆದೆ.
ಕಾರ್ಬನ್ನಿನ ಅಡಿಯಲ್ಲಿ ಗುಲಾಬಿಯೂ ಒಪ್ಪಿತು.

ಮಾರ್ಚಿನಲ್ಲಿ ಆಡಿಟರ್ ರಾಯ್ಕರ್ ಕನ್ನಡಕ ಏರಿಸಿದರು:
"ಪಾಲು ಅಂದರೆ ಈಕೆ ಪಾಲುದಾರಳೇ?
ಲಾಭ ಎಷ್ಟು ಹಂಚುತ್ತೀರಿ?"
ನನ್ನಲ್ಲಿ ಉತ್ತರ ಇರಲಿಲ್ಲ, ಲೆಕ್ಕ ಇತ್ತು.
ಮೀನುಗಾರಿಕೆ ನಿಂತ ಎರಡು ತಿಂಗಳು ಬಿಟ್ಟು
ವರ್ಷಕ್ಕೆ ಎಂಟುನೂರ ಅರವತ್ತು, ಷರತ್ತು ಸೊನ್ನೆ.
ಫೆಬ್ರುವರಿಯ ಕರೆಂಟಿಗೆ ಕಡಿಮೆ ಬಿದ್ದದ್ದು ಅಷ್ಟೇ.
ಒಂಬತ್ತು ಲಕ್ಷದ ಯಂತ್ರ ಆ ತಿಂಗಳು ಉಸಿರಾಡಿದ್ದು
ಸಿಗಡಿ ವಾಸನೆಯಲ್ಲಿ ಸಾರ್, ಅಂದೆ.
ಅವರು ನಗುವ ಹಾಗೆ ಕಂಡಿತು, ನಗಲಿಲ್ಲ. ಅಂಚಿನಲ್ಲಿ ಬರೆದರು:
'ಶೀರ್ಷಿಕೆ ಸರಿಪಡಿಸತಕ್ಕದ್ದು.'

ಸರಿಪಡಿಸಿಲ್ಲ.

ಈಗ ಜೂನು. ಬೈತಖೋಲದಲ್ಲಿ ಬೋಟುಗಳು ಕಟ್ಟಿಕೊಂಡು ನಿಂತಿವೆ.
ನಿನ್ನೆ ಗುರುವಾರ, ಬುಟ್ಟಿ ಇಲ್ಲದೆ ಬಂದಳು,
ಮೇಜಿನ ಮೇಲೆ ಏನೂ ಇಡಲಿಲ್ಲ.
ಬೂಸಲು ಹಿಡಿದ ಕಪಾಟಿನ ಮುಂದೆ ಕೂತು
ಸೆರಗಿನ ತುದಿಯಲ್ಲಿ ಒಂದೊಂದೇ ಬೆನ್ನು ಒರೆಸಿದಳು,
ಒರೆಸಿದ್ದರ ಹೆಸರು ಗಟ್ಟಿಯಾಗಿ ಕೂಡಿಸಿ ಓದುತ್ತ, ದೀಪ ಹಚ್ಚುವ ತನಕ.
ಎದ್ದು ಹೋಗುವಾಗ ಕೈ ಚಾಚಿದಳು:

"ರಸೀದಿ?"