ಹಿಡಿ

ಪೈಬಸ್ ಕಳಿಸಿದ್ದು ಒಂದು ಬಿಸ್ಕತ್ತಿನ ಡಬ್ಬಿ.
ಒಳಗೆ ಪತ್ರಿಕೆ ಸುತ್ತಿದ ಸೇಬಿನ ಕೊರಡು,
ಹುಳು ಕೊರೆದದ್ದು, ಅರ್ಧ ಪೊಳ್ಳು;
ಜೊತೆಗೆ ಮುಷ್ಟಿಯಲ್ಲಿ ಅದುಮಿದ ಜೇಡಿಮಣ್ಣಿನ ಮುದ್ದೆ.
ಚೀಟಿಯಲ್ಲಿ ಮೂರೇ ಮಾತು, ಅಕ್ಷರ ಅಲೆಯಲೆ:
"ಇದು ನನ್ನ ಕೈ. ಅಂಗಡಿಯ ಬ್ರಷ್ಷು ಜಾರುತ್ತವೆ.
ಇದಕ್ಕೆ ಕೂರುವಂಥ ಹಿಡಿ ಮಾಡಿಕೊಡು, ಮೆರಿನ್."

ಸಿಗ್ನೆಟ್ಟಿನಲ್ಲಿ ಎಲ್ಲರಿಗೂ ಗೊತ್ತು ಆ ಕೈ.
ನಲವತ್ತು ವರ್ಷ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸಿದ್ದು.
ಈಗ ಚಹಾದ ಬಟ್ಟಲು ಎತ್ತಿದರೆ
ತಟ್ಟೆ ಮಾತಾಡುತ್ತದೆ.

ಜುಲೈ. ಟಾಸ್ಮೇನಿಯಾಕ್ಕೆ ನಡು ಚಳಿಗಾಲ.
ಶೆಡ್ಡಿನಲ್ಲಿ ಹೀಟರ್ ಹಚ್ಚಿ ರೆಸಿನ್ನಿನ ಡಬ್ಬಿಯನ್ನು
ಬಿಸಿನೀರಲ್ಲಿ ಮಗುವಿನಂತೆ ಕೂರಿಸಿದ್ದೇನೆ;
ಥಂಡಿಗೆ ಅದೂ ಮುನಿಯುತ್ತದೆ, ಗಟ್ಟಿಯಾಗಲೊಲ್ಲದು.
ಎರಡು ಪಾಲು ಅದು, ಒಂದು ಪಾಲು ಗಟ್ಟಿಸುವ ದ್ರವ,
ತೂಕ ತಪ್ಪಿದರೆ ತಿಂಗಳಾದರೂ ಅಂಟಂಟು.
ಬಣ್ಣ ಅವನು ಹೇಳಿರಲಿಲ್ಲ.
ಕೊಲ್ಲಿಯ ಬೆಳಗಿನ ಬೂದು ಹಸಿರು ಹಾಕಿದೆ, ಚಿಟಿಕೆ.

ಹುಳು ತಿಂದ ದಾರಿಯೆಲ್ಲ ಈಗ ರಾಳದ ದಾರಿ.
ಒತ್ತಡದ ಹಂಡೆಗೆ ಮುಚ್ಚಳ ಬಿಗಿದೆ.
ಗುಳ್ಳೆ ಹೋಗುವುದಿಲ್ಲ,
ಕಾಣದಷ್ಟು ಕುಗ್ಗುತ್ತದೆ, ಅಷ್ಟೇ.

ಮೂರನೇ ದಿನ ಲೇತಿಗೇರಿಸಿದೆ.
ಮರಕ್ಕೆ ಉಳಿ ತಾಗಿದರೆ ಹುಡಿ, ಒಂದಿಷ್ಟು ಸಿಹಿ ವಾಸನೆ;
ರಾಳಕ್ಕೆ ತಾಗಿದರೆ ಉದ್ದುದ್ದ ಶಾವಿಗೆ,
ಕೂದಲಿಗೆ, ತೋಳಿಗೆ, ಒಳಂಗಿಗೂ ಮೆತ್ತುವಂಥದ್ದು.
ಎರಡೂ ಕೂಡುವ ಗೆರೆಯಲ್ಲೇ ಉಳಿ ಕಚ್ಚುವುದು.
ಅಲ್ಲಿ ಉಸಿರು ಹಿಡಿ.
ಉಳಿಯನ್ನು ಹಗುರ ಹಿಡಿ.

ಲೇತಿಗೆ ಗೊತ್ತಿರುವುದು ದುಂಡಗೆ ಮಾತ್ರ,
ಮುಷ್ಟಿ ದುಂಡಗಿಲ್ಲ.
ಹೆಬ್ಬೆರಳ ತಗ್ಗು, ಕಿರುಬೆರಳು ಒತ್ತಿದ ಓರೆ,
ಒಂದು ಕಡೆ ನಡುಗಿದ ಗುರುತು, ಗೀರಿನ ಮೇಲೆ ಗೀರು,
ಅವೆಲ್ಲ ಅರದಿಂದ, ಮರಳು ಕಾಗದದಿಂದ, ಕೈಯಾರೆ.
ನಡುಕವನ್ನು ಉಳಿಸಬೇಕೋ ಉಜ್ಜಬೇಕೋ ತಿಳಿಯದೆ
ಒಂದು ಮಧ್ಯಾಹ್ನ ಕಳೆಯಿತು.
ಉಜ್ಜಿದೆ.

ಆರುನೂರರ ಕಾಗದ, ಎರಡು ಸಾವಿರದ್ದು, ನೀರು, ಮೇಣ.
ಬುಡ ಭಾರವಿರಲೆಂದು ಹಿತ್ತಾಳೆಯ ಬಿಲ್ಲೆ ಹುದುಗಿಸಿ
ಮೇಲೆ ಇಪ್ಪತ್ತಾರು ಮಿಲಿಮೀಟರ್ ತೂತು ಕೊರೆದು
ಕೂದಲ ಗೊಂಡೆ ಅಂಟಿಸಿ ಕಳಿಸಿಕೊಟ್ಟೆ.

ಎರಡು ವಾರಕ್ಕೆ ಕೊರಲೀ ಬಂದಳು, ಅವನ ಹೆಂಡತಿ.
ಟವೆಲಿನಲ್ಲಿ ಸುತ್ತಿದ್ದನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.
"ಕೈಗೆ ಸರಿಯಾಗೇ ಕೂತಿತು.
ಕೈಯೇ ಮುಖದವರೆಗೆ ಏರುತ್ತಿಲ್ಲ.
ಈಗ ಕ್ಷೌರ ಮಾಡುವವಳು ನಾನು.
ನನಗಿದು ದೊಡ್ಡದು, ಮಾರಾಯ್ತಿ."

ಜೇಡಿ ನಾದಿ ಅವಳ ಮುಂದಿಟ್ಟೆ.
ಉಂಗುರ ತೆಗೆದಿಟ್ಟು ಹಿಡಿದಳು,
ಮೂರೇ ಬೆರಳ ತುದಿಯಲ್ಲಿ,
ಸಾರಿಗೆ ಉಪ್ಪು ಹಾಕುವವರ ಹಾಗೆ.
"ಗಲ್ಲದ ಕೆಳಗೆ, ಎಡಕ್ಕೆ, ಅವನಿಗೆ ಕಚಗುಳಿ," ಎಂದಳು.
"ಐವತ್ತೆರಡು ವರ್ಷ. ನನಗೆ ಗೊತ್ತೇ ಇರಲಿಲ್ಲ."

ಕೊರಡಿನ ತುದಿಯಲ್ಲಿ ಇನ್ನೊಂದಕ್ಕಾಗುವಷ್ಟು ಮರವಿತ್ತು,
ಹುಳು ಮುಟ್ಟದ ಕಡೆ.
ಹಳೆಯದನ್ನು ಆವಿಗೆ ಹಿಡಿದು ಗೊಂಡೆ ಕಿತ್ತು
ಹೊಸದಕ್ಕೆ ಕೂರಿಸಿದೆ. ಅವಳು ದುಡ್ಡು ಕೊಟ್ಟಳು,
ನಾನು ಬೇಡವೆಂದೆ, ಅರ್ಧಕ್ಕೆ ಒಪ್ಪಿದೆವು.

ಖಾಲಿ ಹಿಡಿ ಕಿಟಕಿಯಲ್ಲಿದೆ.
ಬಂದವರು ಎತ್ತಿ ನೋಡುತ್ತಾರೆ, ಬೆಲೆ ಕೇಳುತ್ತಾರೆ,
ಯಾರ ಕೈಗೂ ಕೂರದು.
ದೀಪ ಆರಿಸುವ ಮುನ್ನ ನಾನೂ ಒಮ್ಮೊಮ್ಮೆ ಹಿಡಿಯುತ್ತೇನೆ:
ಅವನ ತಗ್ಗಿನಲ್ಲಿ ನನ್ನ ಹೆಬ್ಬೆರಳು,
ಅಪ್ಪನ ಬೂಟಿನಲ್ಲಿ ಹುಡುಗಿಯ ಕಾಲು.
ಮೇಲಿನ ತೂತಿಗೆ ಪೆನ್ಸಿಲ್ ತುಂಡು ಸಿಕ್ಕಿಸಿದ್ದೇನೆ.
ಸದ್ಯಕ್ಕೆ.