ಮೊಣಕೈ ಎತ್ತರ

ಮಾತೊಸೀನ್ಯುಷ್ ಬಂದರಿನ ಮೀನು ಡಬ್ಬಿ ಕಾರ್ಖಾನೆಗೆ
ನಾನು ಅಳೆಯಲು ಹೋದದ್ದು ಫೆಬ್ರವರಿಯಲ್ಲಿ,
ದೋಣಿ ಕಡಿಮೆ ಬರುವ ತಿಂಗಳು, ಹೆಂಗಸರಿಗೆ ಬಿಡುವೆಂದು.
ಕೈಯಲ್ಲಿ ಜಾರುಪಟ್ಟಿಯ ಲೋಹದ ಕೋಲು,
ಚೌಕುಳಿ ಹಾಳೆಯ ಪುಸ್ತಕ, ಎರಡು ಪೆನ್ಸಿಲು.
ಒದ್ದೆ ನೆಲ. ಎಣ್ಣೆ, ಉಪ್ಪು, ಬೆಂದ ಬೂತಾಯಿಯ ಘಾಟು.

ಮೆಟ್ಟು ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ ಎಂದೆ.
'ಶವಪೆಟ್ಟಿಗೆಗೋ, ಮದುವೆಯ ಲಂಗಕ್ಕೋ?'
ಕೇಳಿದವಳು ಡಿಯೋಲಿಂಡಾ, ಸಾಲಿನಲ್ಲೇ ಗಿಡ್ಡಿ.
ಮೇಜಿಗೆ ಎಂದೆ. ಇಡೀ ಸಾಲು ನಕ್ಕಿತು.
ಮೇಜು ಇಲ್ಲೇ ಇದೆಯಲ್ಲ, ಅವರು ಹುಟ್ಟುವ ಮೊದಲಿಂದ.

ನೂರಾ ಹದಿನೆಂಟು ಜನ.
ನೆಲದಿಂದ ಮೊಣಕೈ. ಹೆಗಲಿಂದ ಬೆರಳ ತುದಿ.
ಬಿಚ್ಚಿದ ಅಂಗೈಯ ಗೇಣು,
ಯಾವ ಗೇಣು ಹೊಟ್ಟೆಗಾಗಿ ಇಷ್ಟೆಲ್ಲ ಎನ್ನುತ್ತಾರೋ
ಆ ಗೇಣು ಝುಲ್ಮೀರಾಳಲ್ಲಿ ಹದಿನೇಳು ಸೆಂಟಿಮೀಟರು,
ಅವಳ ತಂಗಿಯಲ್ಲಿ ಇಪ್ಪತ್ತೊಂದು.
ಒಂದೇ ಮನೆ, ಒಂದೇ ಎಲೆಕೋಸಿನ ಸಾರು.

ರಾತ್ರಿ ಬಾಡಿಗೆ ಕೋಣೆಯಲ್ಲಿ ಕೂಡಿದೆ, ಭಾಗಿಸಿದೆ.
ಚುಕ್ಕಿಗಳು ಮೆಲ್ಲಗೆ ಗುಡ್ಡವಾದವು:
ನಡುವೆ ಉಬ್ಬು, ಎರಡೂ ಕಡೆ ಇಳಿಜಾರು,
ತುದಿಯಲ್ಲಿ ಒಂಟಿ ಒಂಟಿ ಹೆಂಗಸರು.
ಸರಾಸರಿ ಮೊಣಕೈ ತೊಂಬತ್ತಾರೂ ಕಾಲ್ಕು ಹತ್ತಂಶ ಅಲ್ಲ,
ತಪ್ಪಿತು, ಮತ್ತೆ ಕೂಡಿದೆ: ತೊಂಬತ್ತಾರು ಬಿಂದು ನಾಲ್ಕು.
ಪುಸ್ತಕ ತಿರುವಿದೆ. ಆ ಎತ್ತರದವಳು ಒಬ್ಬಳೂ ಇಲ್ಲ.
ಹತ್ತಿರ ಬಂದವಳು ಫೆಲಿಶ್ಮೀನಾ, ಎರಡು ಮಿಲಿಮೀಟರು ಹೆಚ್ಚು.
ಅವಳಿಗೂ ಹೆಗಲು ನೋವು.

'ಸರಾಸರಿ ಸಾಕು' ಎಂದರು ವ್ಯವಸ್ಥಾಪಕ ಅಬ್ರಾಂತಿಷ್,
'ಮೇಜಿನ ಕಾಲಿಗೆ ತಿರುಪು ಇಟ್ಟರೆ ದುಡ್ಡು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.'
ಹಾಸಿಗೆ ಹೊಲಿದಾಗ ಯಾರ ಕಾಲು ಅಳೆದಿದ್ದರು, ಸ್ವಾಮಿ?
ಅನ್ನಲಿಲ್ಲ. ಹೊಳೆದದ್ದು ಟ್ರಾಮಿನಲ್ಲಿ,
ಮೂರು ನಿಲ್ದಾಣ ದಾಟಿದ ಮೇಲೆ.

ಕೋಲು ಅಲ್ಲೇ ಮರೆತಿದ್ದೆ. ಹಿಂತಿರುಗಿದೆ.
ಖಾಲಿ ಕೊಠಡಿ. ಗೋಡೆಯುದ್ದಕ್ಕೂ ಒರಗಿದ ಹಲಗೆಗಳು,
ಹಗಲೆಲ್ಲ ಅವರ ಕಾಲಡಿ ಇದ್ದು ನನಗೆ ಕಾಣದವು.
ಮೀನಿನ ಪೆಟ್ಟಿಗೆಯ ತುಂಡು, ಇಗರ್ಜಿಯ ಮುರಿದ ಬೆಂಚು,
ಚಿಲಕದ ತೂತಿರುವ ಅರ್ಧ ಬಾಗಿಲು,
ಒಂದೊಂದರ ಮೇಲೂ ಕಾದ ಮೊಳೆಯಿಂದ ಸುಟ್ಟ ಹೆಸರು.
ದಪ್ಪ ಅಳೆದೆ, ಅವಳವಳ ಮೊಣಕೈಗೆ ಕೂಡಿದೆ:
ತೊಂಬತ್ತೊಂಬತ್ತು. ತೊಂಬತ್ತೊಂಬತ್ತು.
ಮತ್ತೆ ತೊಂಬತ್ತೊಂಬತ್ತು.
ಓದುಬಾರದವರು ನನ್ನ ಲೆಕ್ಕವನ್ನು
ಎಂದೋ ಮುಗಿಸಿ ಗೋಡೆಗೆ ಒರಗಿಸಿದ್ದರು.

ಝುಲ್ಮೀರಾಳದು ಮಾತ್ರ ಎರಡು ಬೆರಳು ಹೆಚ್ಚು,
ಅದಕ್ಕೇ ಅವಳು ಬಾಗಿ ಬಾಗಿ ಡಬ್ಬಿ ತುಂಬುವುದು.
ಮರುದಿನ ಕೇಳಿದೆ.
'ಅಮ್ಮನದು. ಕೊಯ್ಯಲು ಮನಸ್ಸಾಗಲಿಲ್ಲ.'
ಯಾವ ಕಲಮಿನಲ್ಲಿ ಬರೆಯಲಿ? ಅಂಚಿನಲ್ಲಿ ಬರೆದೆ.

ಹಲಗೆಗಳನ್ನೇ ಹೊತ್ತು ಅಬ್ರಾಂತಿಷರ ಮೇಜಿನ ಮೇಲಿಟ್ಟೆ.
ಅವರ ಕೋಟಿನ ತೋಳು ಒದ್ದೆಯಾಯಿತು.
ಅಕ್ಟೋಬರಿಗೆ ಬಂದವು ತಿರುಪಿನ ಕಾಲಿನ ಮೇಜುಗಳು,
ಎದುರುಬದುರು ಇಬ್ಬಿಬ್ಬರಿಗೆ ಒಂದು.
ಗಿಡ್ಡಿಯರು ಗಿಡ್ಡಿಯರ ಜೊತೆ, ಉದ್ದದವರು ಉದ್ದದವರ ಜೊತೆ.
ಮೊದಲ ವಾರ ಅದಕ್ಕೂ ಜಗಳ:
ಇಪ್ಪತ್ತು ವರ್ಷದ ಹರಟೆಯ ಜೋಡಿಗಳು ಒಡೆದಿದ್ದವು.

'ಹೆಗಲು?' ಎಂದೆ ಡಿಯೋಲಿಂಡಾಳನ್ನು.
'ಹಗುರ' ಎಂದಳು. ಒಂದು ಡಬ್ಬಿ ತುಂಬಿದಳು, ಇನ್ನೊಂದು.
'ಹಲಗೆ ಮೇಲೆ ನಿಂತರೆ ಕಿಟಕಿಯಾಚೆ ಕಡಲು ಕಾಣುತ್ತಿತ್ತು.
ದೋಣಿ ಬಂತೆಂದು ಎಲ್ಲರಿಗೂ ನಾನೇ ಕೂಗುತ್ತಿದ್ದೆ.'

ಪುಸ್ತಕ ತೆರೆದೆ. ಅವಳನ್ನು ಮತ್ತೆ ಗೋಡೆಗೆ ನಿಲ್ಲಿಸಿದೆ.
ಈ ಸಲ ನಗಲಿಲ್ಲ.
ನೆಲದಿಂದ ಕಣ್ಣು: ನೂರ ಮೂವತ್ತೈದು.
ನೆಲದಿಂದ ಕಿಟಕಿಯ ಕೆಳ ಅಂಚು: ನೂರ ನಲವತ್ತೊಂದು.